ಪುಣೆಯ ಕಾರ್ಖಾನೆಗಳಲ್ಲಿರುವ ಕನ್ನಡಿಗರಿಗೆ: ಕಾರ್ಮಿಕ ಮಹಾಸಂಘದ ನೆರವು ಪಡೆಯುವ ಬಗೆ

ಕೆಲಸದಿಂದ ತೆಗೆದ ಪತ್ರ ಕೈಸೇರಿದ ಮೇಲೆ, ಕಾರ್ಖಾನೆ ಸಂಘಗಳೆಲ್ಲ ಸೇರಿ ಕಟ್ಟಿಕೊಂಡ ಮಹಾಸಂಘದ ಕಚೇರಿ ಹುಡುಕಿಕೊಂಡು ಬರುವವರೇ ಹೆಚ್ಚು. ಬಂದವರ ಕೈಯಲ್ಲಿ ಆ ಪತ್ರದ ಹೊರತು ಬೇರೊಂದು ಕಾಗದ ಇರುವುದಿಲ್ಲ. ನೇಮಕಾತಿ ಪತ್ರ ಕೊಟ್ಟಿರಲಿಲ್ಲ, ಸಂಬಳದ ಚೀಟಿ ಮೊಬೈಲಿನಲ್ಲಿತ್ತು, ಮೊಬೈಲ್ ಲೋಕಲ್ ರೈಲಿನಲ್ಲಿ ಹೋಯಿತು, ಸಂಘಕ್ಕೆ ವಂತಿಗೆ ಕೊಟ್ಟು ಎರಡು ವರ್ಷವಾಯಿತು. ಪುಣೆಯ ಪಕ್ಕದ ಭೋಸರಿಯ ಒಂದು ಬಿಡಿಭಾಗ ಕಾರ್ಖಾನೆಯ ಸಂಘದಲ್ಲಿ ಒಂಬತ್ತು ವರ್ಷ ಕಾರ್ಯದರ್ಶಿಯಾಗಿದ್ದ ನಾನು ಈ ಮಾತುಗಳನ್ನು ಎಷ್ಟು ಸಲ ಕೇಳಿದ್ದೇನೆಂದರೆ, ಈಗ ಬಂದವರು ಬಾಯಿ ತೆರೆಯುವ ಮೊದಲೇ ನೀರು ಕೊಟ್ಟು ಕೂರಿಸುತ್ತೇನೆ. ವಿಜಯಪುರ, ಕಲಬುರಗಿ, ಬೀದರ, ಬೆಳಗಾವಿ ಕಡೆಯಿಂದ ಬಂದ ನಮ್ಮವರಲ್ಲಿ ಈ ಕಷ್ಟ ಇನ್ನೂ ಒಂದು ಪಟ್ಟು ಹೆಚ್ಚು. ಅದಕ್ಕೆ ಕಾರಣ ಮುಂದೆ ಹೇಳುತ್ತೇನೆ.

ಮಹಾಸಂಘ ಏನು ಮಾಡಬಲ್ಲದು, ಏನು ಮಾಡಲಾರದು, ಅದರಿಂದ ಕೆಲಸ ಆಗಬೇಕಾದರೆ ನಾವು ಯಾವ ಕ್ರಮದಲ್ಲಿ ನಡೆಯಬೇಕು ಎಂಬುದಷ್ಟೇ ಇಲ್ಲಿನ ವಿಷಯ.

ಮೊದಲು: ಯಾವ ಬಾಗಿಲು?

ಕಾರ್ಖಾನೆಯೊಳಗಿನ ಸಂಘ ಬೇರೆ, ಆ ಪ್ರದೇಶದ ಸಂಘಗಳೆಲ್ಲ ಸೇರಿ ಕಟ್ಟಿಕೊಂಡ ಮೇಲಿನ ಮಂಡಳಿ ಬೇರೆ. ಪುಣೆಯಲ್ಲಿ ಅಂಥ ಮಂಡಳಿಗಳು ಮೂರು ಬಗೆ. ಒಂದು, ಕೇಂದ್ರ ಕಾರ್ಮಿಕ ಸಂಘಟನೆಗಳ ಜಿಲ್ಲಾ ಸಮಿತಿಗಳು: 1920ರ ಅಕ್ಟೋಬರ್ 31ರಂದು ಮುಂಬೈಯಲ್ಲಿ ಹುಟ್ಟಿದ ಎಐಟಿಯುಸಿ, ಆಮೇಲೆ ಬಂದ ಐಎನ್‌ಟಿಯುಸಿ, ಎಚ್‌ಎಂಎಸ್, ಬಿಎಂಎಸ್, ಸಿಐಟಿಯು. ಎರಡು, ಯಾವ ಪಕ್ಷದ ಬಾವುಟವನ್ನೂ ಹಿಡಿಯದೆ ಕಾರ್ಖಾನೆ ಸಂಘಗಳೇ ಒಟ್ಟಾಗಿರುವ ಒಕ್ಕೂಟಗಳು. ಪಿಂಪ್ರಿ, ಚಾಕಣದ ಕೈಗಾರಿಕಾ ಪಟ್ಟಿಯಲ್ಲಿ ಶ್ರಮಿಕ ಏಕತಾ ಮಹಾಸಂಘದ ಹೆಸರು ನೀವು ಕೇಳಿರುತ್ತೀರಿ. ಮೂರು, ದೊಡ್ಡ ಪ್ರಶ್ನೆ ಎದ್ದಾಗ ಇವರೆಲ್ಲ ಕೂಡುವ ಸಂಯುಕ್ತ ಕೃತಿ ಸಮಿತಿ. ಮೂರನೆಯದರ ಬಳಿ ಒಬ್ಬನ ಸಂಬಳದ ತಕರಾರು ತೆಗೆದುಕೊಂಡು ಹೋಗಬೇಡಿ. ಅದು ಮೋರ್ಚಾ, ಬಂದ್, ಸರ್ಕಾರದೊಡನೆ ಮಾತುಕತೆಗೆ ಇರುವ ವೇದಿಕೆ.

ಹಮಾಲಿ ಮಾಡುವವರ ದಾರಿಯೇ ಬೇರೆ. ಗುಲ್ಟೇಕಡಿ ಮಾರ್ಕೆಟ್ ಯಾರ್ಡಿನಲ್ಲಿ ಮೂಟೆ ಹೊರುವವರಿಗೆ ಸಮಾಜವಾದಿ ನಾಯಕ ಬಾಬಾ ಆಢಾವ್ ಕಟ್ಟಿದ ಹಮಾಲ ಪಂಚಾಯತ್ ಇದೆ, 1969ರ ಮಾಥಾಡಿ (ತಲೆಹೊರೆ ಕಾರ್ಮಿಕರ) ಕಾನೂನಿನ ಮಂಡಳಿ ಇದೆ. ಕಸ, ರದ್ದಿ ಆಯುವ ಹೆಂಗಸರಿಗೆ 1993ರಿಂದ ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್ ಇದೆ. ಕಟ್ಟಡ ಕೆಲಸದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಿಕೊಳ್ಳಬೇಕು. ವಯಸ್ಸು 18ರಿಂದ 60, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿರಬೇಕು. ಮುಂದಿನ ಮಾತುಗಳು ಹೆಚ್ಚಾಗಿ ಕಾರ್ಖಾನೆಯವರಿಗೆ.

ಎರಡನೆಯದು: ನಿಮ್ಮ ಸಂಘ ಸೇರಿದೆಯೇ?

ಮಹಾಸಂಘಕ್ಕೆ ಸದಸ್ಯರು ನೀವಲ್ಲ, ನಿಮ್ಮ ಸಂಘ. ಇದನ್ನು ಹತ್ತರಲ್ಲಿ ಒಂಬತ್ತು ಮಂದಿ ತಿಳಿದಿರುವುದಿಲ್ಲ. ಸಂಘ ಮಹಾಸಂಘದ ಸದಸ್ಯತ್ವ (ಸಂಯೋಜನೆ) ಪಡೆದಿದೆಯೇ, ವಾರ್ಷಿಕ ವಂತಿಗೆ ಕಟ್ಟಿದೆಯೇ, ನಿಮ್ಮ ಹೆಸರು ಸದಸ್ಯರ ಪಟ್ಟಿಯಲ್ಲಿ ಇದೆಯೇ ಎಂಬ ಮೂರನ್ನು ಕಾರ್ಯದರ್ಶಿಯ ಬಳಿ ಕೇಳಿ, ವಂತಿಗೆಯ ಪಾವತಿ ಚೀಟಿ ಇಟ್ಟುಕೊಳ್ಳಿ. ತಿಂಗಳ ವಂತಿಗೆ ಎಂದರೆ ಎರಡು ಚಹಾದ ದುಡ್ಡು. ಅದನ್ನು ಉಳಿಸಿದವನೇ ಕಚೇರಿಗೆ ಬಂದಾಗ ಮೇಜು ಗುದ್ದಿ ಮಾತಾಡುವುದನ್ನು ಕಂಡಿದ್ದೇನೆ.

ಸಂಘವೇ ಇಲ್ಲದ ಕಡೆ ಮಹಾಸಂಘದ ಮೊದಲ ಕೆಲಸ ಸಂಘ ಕಟ್ಟಿಸುವುದು. ನೋಂದಣಿಗೆ ಕನಿಷ್ಠ ಏಳು ಮಂದಿ ಅರ್ಜಿಗೆ ಸಹಿ ಹಾಕಬೇಕು, ಕಾರ್ಖಾನೆಯ ಕಾರ್ಮಿಕರಲ್ಲಿ ಶೇಕಡ 10 ಅಥವಾ 100 ಮಂದಿ, ಯಾವುದು ಕಡಿಮೆಯೋ ಅಷ್ಟು ಸದಸ್ಯರಿರಬೇಕು. ನೋಂದಣಿಯಾಗುವ ತನಕ ಗುಟ್ಟು ಕಾಯಿರಿ. ಕ್ಯಾಂಟೀನಿನಲ್ಲಿ ಸಂಘದ ಮಾತೆತ್ತಿದ ಹುಡುಗನನ್ನು ಮರುವಾರವೇ ಬೇರೆ ಘಟಕಕ್ಕೆ ವರ್ಗ ಮಾಡಿದ ಉದಾಹರಣೆ ನಮ್ಮ ರಸ್ತೆಯಲ್ಲೇ ಇದೆ.

ಮೂರನೆಯದು: ಕಾಗದದ ಚೀಲ

ಇಲ್ಲಿ ನಿಧಾನವಾಗಿ ಓದಿ. ಅರ್ಧ ವ್ಯಾಜ್ಯ ಇಲ್ಲಿಯೇ ಗೆಲ್ಲುತ್ತದೆ, ಇಲ್ಲಿಯೇ ಸೋಲುತ್ತದೆ.

ಒಂದು ಬಟ್ಟೆಯ ಚೀಲದಲ್ಲೋ ಪ್ಲಾಸ್ಟಿಕ್ ಫೈಲಿನಲ್ಲೋ ಇವನ್ನು ಇಡಿ: ನೇಮಕಾತಿ ಪತ್ರ, ಗುರುತಿನ ಚೀಟಿಯ ಎರಡೂ ಬದಿಯ ಪ್ರತಿ, ಸಂಬಳದ ಚೀಟಿಗಳು, ಸಂಬಳ ಜಮೆಯಾದ ಬ್ಯಾಂಕ್ ಪಾಸ್‌ಬುಕ್ಕಿನ ಪುಟಗಳು, ಭವಿಷ್ಯ ನಿಧಿಯ ಯುಎಎನ್ ಸಂಖ್ಯೆ ಮತ್ತು ಪಾಸ್‌ಬುಕ್, ಇಎಸ್‌ಐ (ನೌಕರರ ವಿಮೆ) ಕಾರ್ಡು, ರಜೆಯ ಅರ್ಜಿಗಳ ಪ್ರತಿ, ವಂತಿಗೆಯ ಚೀಟಿ. ಮೊಬೈಲಿನಲ್ಲಿ ಇದ್ದರೆ ಸಾಲದು, ಮುದ್ರಿಸಿ. ಕಾರ್ಖಾನೆಗೆ ಕೊಟ್ಟ ಯಾವುದೇ ಪತ್ರಕ್ಕೂ ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿಯ ಸಹಿ, ಮುದ್ರೆ, ತಾರೀಖು ಬೀಳಬೇಕು. ಸ್ವೀಕೃತಿ ಕೊಡದಿದ್ದರೆ ಅದೇ ಸಂಜೆ ಸ್ಪೀಡ್ ಪೋಸ್ಟಿನಲ್ಲಿ ಹಾಕಿ.

ಈಗ ನಮ್ಮವರ ವಿಶೇಷ ಕಷ್ಟ. ಅದರಲ್ಲಿ ಎರಡು ಬಗೆ.

ಒಂದು ಹೆಸರಿನದು. ನಮ್ಮೂರಿನ ಆಧಾರ್ ಕಾರ್ಡಿನಲ್ಲಿ ಬರೀ ‘ಶರಣಪ್ಪ’ ಎಂದೋ, ತಂದೆಯ ಹೆಸರಿನ ಮೊದಲಕ್ಷರ ಸೇರಿಸಿಯೋ ಇರುತ್ತದೆ. ಮಹಾರಾಷ್ಟ್ರದ ಅರ್ಜಿಯಲ್ಲಿ ಮೂರು ಖಾನೆ: ಅಡ್ಡಹೆಸರು, ಸ್ವಂತ ಹೆಸರು, ತಂದೆಯ ಹೆಸರು. ಗುತ್ತಿಗೆದಾರನ ಗುಮಾಸ್ತ ಖಾಲಿ ಖಾನೆ ಬಿಡಲಾರದೆ ಊರಿನ ಹೆಸರನ್ನೋ ಅಜ್ಜನ ಹೆಸರನ್ನೋ ತುಂಬುತ್ತಾನೆ. ಒಬ್ಬನೇ ಮನುಷ್ಯ ಆಧಾರಿನಲ್ಲಿ ಶರಣಪ್ಪ, ಭವಿಷ್ಯ ನಿಧಿಯಲ್ಲಿ ಮಲ್ಲಪ್ಪ ಶರಣಪ್ಪ ಪೂಜಾರಿ, ಇಎಸ್‌ಐಯಲ್ಲಿ ‘ಶರನಪಾ’. ದುಡಿಯುವಾಗ ಮೂವರೂ ಒಬ್ಬನೇ. ಹಣ ಕೇಳಲು ಹೋದಾಗ ಮೂವರೂ ಬೇರೆ ಬೇರೆ. ತಿದ್ದುಪಡಿಗೆ ನೌಕರ ಮತ್ತು ಮಾಲೀಕ ಇಬ್ಬರೂ ಒಪ್ಪಿ ಕೊಡುವ ಜಂಟಿ ಘೋಷಣೆ ಎಂಬ ಕ್ರಮವಿದೆ. ಕೆಲಸದಲ್ಲಿ ಇರುವಾಗ ಇದು ಒಂದು ವಾರದ ಓಡಾಟ. ಕೆಲಸ ಹೋದ ಮೇಲೆ ಮಾಲೀಕನ ಒಪ್ಪಿಗೆ ಸಿಗುವುದೇ ಕಷ್ಟ, ಗುತ್ತಿಗೆದಾರ ಅಂಗಡಿ ಮುಚ್ಚಿದ್ದರಂತೂ ಕೇಳಲೇಬೇಡಿ. ಮಹಾಸಂಘದವರು ಇಂಥವನ್ನು ಒಬ್ಬೊಬ್ಬರದಾಗಿ ತೆಗೆದುಕೊಂಡು ಹೋಗುವುದಿಲ್ಲ, ಇಪ್ಪತ್ತು ಮೂವತ್ತು ಮಂದಿಯ ಪಟ್ಟಿ ಮಾಡಿ ಭವಿಷ್ಯ ನಿಧಿ ಕಚೇರಿಗೆ ಒಟ್ಟಾಗಿ ಒಯ್ಯುತ್ತಾರೆ. ಆ ಪಟ್ಟಿಗೆ ಸೇರಿಕೊಳ್ಳಿ.

ಇನ್ನೊಂದು ವಿಳಾಸದ್ದು. ಎಳ್ಳಮಾವಾಸ್ಯೆಗೋ ಊರ ಜಾತ್ರೆಗೋ ಮೇಸ್ತ್ರಿಗೆ ಬಾಯಿಮಾತಿನಲ್ಲಿ ಹೇಳಿ ನಾಲ್ಕು ದಿನಕ್ಕೆಂದು ಹೋದವನು, ಅಲ್ಲಿ ಹೊಲದ ಕೆಲಸ ಸಿಕ್ಕಿಬಿದ್ದು ಹದಿನೈದು ದಿನ ನಿಲ್ಲುತ್ತಾನೆ. ಕಾರ್ಖಾನೆ ಅವನ ಹಳೆಯ ಬಾಡಿಗೆ ಕೋಣೆಗೆ ಪತ್ರ ಕಳಿಸುತ್ತದೆ. ಆ ಕೋಣೆ ಬಿಟ್ಟು ಮೂರು ವರ್ಷವಾಗಿರುತ್ತದೆ. ಪತ್ರ ‘ವಿಳಾಸದಾರ ಇಲ್ಲ’ ಎಂದು ಮರಳುತ್ತದೆ. ಎರಡನೆಯ ಪತ್ರವೂ ಹಾಗೆಯೇ. ಆಮೇಲೆ ಏಕಪಕ್ಷೀಯ ವಿಚಾರಣೆ, ಹೆಸರು ಪಟ್ಟಿಯಿಂದ ಹೊರಗೆ. ಮರಳಿ ಬಂದವನನ್ನು ಗೇಟಿನ ಕಾವಲುಗಾರ ತಡೆದಾಗಲೇ ಅವನಿಗೆ ವಿಷಯ ಗೊತ್ತಾಗುವುದು. ಹೀಗೆ ಆರು ವರ್ಷದ ನೌಕರಿ ಕಳೆದುಕೊಂಡವನು ನನ್ನ ಸ್ವಂತ ಸೋದರತ್ತೆಯ ಮಗ. ಅವನ ಪರವಾಗಿ ತೋರಿಸಲು ನಮ್ಮ ಬಳಿ ಒಂದು ಚೀಟಿಯೂ ಇರಲಿಲ್ಲ. ಕೋಣೆ ಬದಲಿಸಿದ ದಿನವೇ ಹೊಸ ವಿಳಾಸವನ್ನು ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ಊರಲ್ಲಿ ನಿಲ್ಲಬೇಕಾದರೆ ಅಲ್ಲಿಂದಲೇ ಅಂಚೆ ಮೂಲಕ ರಜೆ ವಿಸ್ತರಣೆಯ ಅರ್ಜಿ ಹಾಕಿ, ಮೊಬೈಲಿನಲ್ಲಿ ಸಂಘದ ಕಾರ್ಯದರ್ಶಿಗೂ ಅದರ ಚಿತ್ರ ಕಳಿಸಿ.

ನಾಲ್ಕನೆಯದು: ಮೊದಲ ಭೇಟಿ

ಒಬ್ಬರೇ ಹೋಗಬೇಡಿ, ನಿಮ್ಮ ಸಂಘದ ಪದಾಧಿಕಾರಿಯೊಬ್ಬರನ್ನು ಕರೆದುಕೊಂಡು ಹೋಗಿ. ನಡೆದದ್ದನ್ನು ತಾರೀಖಿನ ಕ್ರಮದಲ್ಲಿ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಕನ್ನಡದಲ್ಲಿ ಬರೆದರೂ ಸರಿ. ‘ಸೂಪರ್‌ವೈಸರ್ ನನ್ನನ್ನು ಕಂಡರೆ ಉರಿಯುತ್ತಾನೆ’ ಎಂಬುದು ನಿಜವೇ ಇರಬಹುದು, ಆದರೆ ಕೂತವರಿಗೆ ಬೇಕಾದದ್ದು ಯಾವ ದಿನ, ಯಾವ ಪಾಳಿ, ಯಾವ ಯಂತ್ರ, ಜೊತೆಯಲ್ಲಿ ಯಾರಿದ್ದರು ಎಂಬುದು. ನಿಮ್ಮ ತಪ್ಪೇನಾದರೂ ಇದ್ದರೆ ಅಲ್ಲಿ ಮುಚ್ಚಿಡಬೇಡಿ. ಮುಚ್ಚಿಟ್ಟದ್ದು ಎದುರು ಪಕ್ಷದ ಬಾಯಿಂದ ಹೊರಬಿದ್ದಾಗ ನಿಮ್ಮ ಪರ ಮಾತಾಡುವವರ ನಾಲಿಗೆ ಕಟ್ಟುತ್ತದೆ.

ಭಾಷೆಯ ಸಂಕೋಚ ಬೇಡ. ಕಾರ್ಖಾನೆಯ ಕಾಗದಗಳೆಲ್ಲ ಮರಾಠಿ ಇಲ್ಲವೇ ಇಂಗ್ಲಿಷಿನಲ್ಲಿ ಇರುತ್ತವೆ. ಓದಲಾಗದೆ ಸಹಿ ಹಾಕುವುದೇ ನಮ್ಮವರ ದೊಡ್ಡ ಗಂಡಾಂತರ. ಸ್ವಯಂ ರಾಜೀನಾಮೆ ಎಂದು ಗೊತ್ತಿಲ್ಲದೆ ಸಹಿ ಹಾಕಿದವರು ಇದ್ದಾರೆ. ‘ಓದಿಸಿಕೊಂಡು ನಾಳೆ ಸಹಿ ಹಾಕುತ್ತೇನೆ’ ಎಂಬ ಒಂದು ವಾಕ್ಯವನ್ನು ಮರಾಠಿಯಲ್ಲಿ ಬಾಯಿಪಾಠ ಮಾಡಿಕೊಳ್ಳಿ. ಮಹಾಸಂಘದ ಕಚೇರಿಯಲ್ಲಿ ಸೋಲಾಪುರ, ಅಕ್ಕಲಕೋಟೆ ಕಡೆಯವರು ಯಾರಾದರೂ ಇದ್ದರೆ ಕನ್ನಡ ಬರುತ್ತದೆ, ಅವರ ಬಳಿ ಓದಿಸಿಕೊಳ್ಳಿ. ಮರಾಠಿ ಕಲಿತರೆ ಇನ್ನೂ ಒಳ್ಳೆಯದು. ಮಂಗಳೂರಿನಿಂದ ಬರಿಗೈಯಲ್ಲಿ ಮುಂಬೈಗೆ ಬಂದ ಜಾರ್ಜ್ ಫರ್ನಾಂಡಿಸ್ ಅಲ್ಲಿನ ಟ್ಯಾಕ್ಸಿ ಚಾಲಕರನ್ನೂ ಹೋಟೆಲ್ ಕಾರ್ಮಿಕರನ್ನೂ ಸಂಘಟಿಸಿದ್ದು ಅವರವರ ಮಾತಿನಲ್ಲೇ ಮಾತಾಡಿ.

ಐದನೆಯದು: ಕಾರ್ಖಾನೆಯೊಳಗೆ ಮೊದಲ ಪತ್ರ

ನೇರವಾಗಿ ಕೋರ್ಟಿಗೆ ಎಂದು ಹಾರಬೇಡಿ. 20 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಕುಂದುಕೊರತೆ ನಿವಾರಣಾ ಸಮಿತಿ ಇರಲೇಬೇಕು. ಅದರಲ್ಲಿ ಮಾಲೀಕರ ಕಡೆಯವರೂ ಕಾರ್ಮಿಕರ ಕಡೆಯವರೂ ಸಮಸಮ. ದೂರಿನ ಕಾರಣ ಹುಟ್ಟಿದ ಒಂದು ವರ್ಷದೊಳಗೆ ಅರ್ಜಿ ಕೊಡಬೇಕು, ಸಮಿತಿ 30 ದಿನದಲ್ಲಿ ಮುಗಿಸಬೇಕು, ತೃಪ್ತಿಯಾಗದಿದ್ದರೆ ಸಂಘದ ಮೂಲಕ 60 ದಿನದೊಳಗೆ ಕಾರ್ಮಿಕ ಇಲಾಖೆಯ ಸಂಧಾನ ಅಧಿಕಾರಿಯ ಬಳಿ ಹೋಗಬಹುದು. ಎಷ್ಟೋ ಶೆಡ್‌ಗಳಲ್ಲಿ ಈ ಸಮಿತಿ ಗೋಡೆಯ ಮೇಲಿನ ಹಾಳೆಯಾಗಿ ಮಾತ್ರ ಇರುತ್ತದೆ. ಆಗಲೂ ಅರ್ಜಿ ಕೊಡಿ; ಸಮಿತಿ ಕೂರಲಿಲ್ಲ ಎಂಬುದೇ ಮುಂದೆ ನಿಮ್ಮ ಸಾಕ್ಷಿ.

ಪತ್ರ ಚಿಕ್ಕದಿರಲಿ. ಹೆಚ್ಚುವರಿ ಕೆಲಸದ ಕೂಲಿಗೆ ನಾವು ಬರೆಯುವ ಮಾದರಿ ಇಷ್ಟು: ‘ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ನಾನು ಎರಡನೆಯ ಪಾಳಿಯ ನಂತರ ಒಟ್ಟು ಇಷ್ಟು ಗಂಟೆ ಹೆಚ್ಚುವರಿಯಾಗಿ ದುಡಿದಿದ್ದೇನೆ. ದಿನವಾರು ಪಟ್ಟಿ ಲಗತ್ತಿಸಿದೆ. ಕಾನೂನಿನ ಪ್ರಕಾರ ಇದಕ್ಕೆ ಎರಡರಷ್ಟು ದರದಲ್ಲಿ ವೇತನ ಸಲ್ಲಬೇಕು. ಹದಿನೈದು ದಿನದೊಳಗೆ ಪಾವತಿಸಿ, ಅಥವಾ ಕಾರಣವನ್ನು ಬರವಣಿಗೆಯಲ್ಲಿ ತಿಳಿಸಿ.’ ಇದನ್ನು ಮರಾಠಿಗೆ ಹಾಕಿ ಟೈಪ್ ಮಾಡಿಕೊಡುವುದು ಮಹಾಸಂಘದ ಕೆಲಸ. ಬೈಗುಳ, ಬೆದರಿಕೆ, ಕವಿತೆ ಬೇಡ.

ಒಂದು ಎಚ್ಚರಿಕೆ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು 29 ಹಳೆಯ ಕೇಂದ್ರ ಕಾಯ್ದೆಗಳ ಜಾಗ ಹಿಡಿದಿವೆ. ಹಳೆಯ ಮಾದರಿ ಪತ್ರದಿಂದ 1947ರ ಕೈಗಾರಿಕಾ ವಿವಾದ ಕಾಯ್ದೆಯ ಕಲಮು ನಕಲು ಮಾಡಿದರೆ ಎದುರಿನ ವಕೀಲ ನಗುತ್ತಾನೆ. ಕಲಮಿನ ಸಂಖ್ಯೆಯನ್ನು ಮಹಾಸಂಘದವರೇ ತುಂಬಲಿ.

ಆರನೆಯದು: ಅಮಾನತು, ಚಾರ್ಜ್‌ಶೀಟ್, ವಿಚಾರಣೆ

ಚಾರ್ಜ್‌ಶೀಟ್, ಅಂದರೆ ಕಾರ್ಖಾನೆ ಕೊಡುವ ಆರೋಪಪತ್ರ, ಬಂದರೆ ತೆಗೆದುಕೊಳ್ಳಿ. ನಿರಾಕರಿಸುವುದು ಶೌರ್ಯವಲ್ಲ, ಪಂಚರ ಮುಂದೆ ‘ನಿರಾಕರಿಸಿದ’ ಎಂದು ಬರೆದುಕೊಳ್ಳುತ್ತಾರೆ ಅಷ್ಟೇ. ಪಡೆದ ತಾರೀಖು, ಗಂಟೆ ಬರೆದು ಸಹಿ ಹಾಕಿ, ಅದೇ ದಿನ ಮಹಾಸಂಘಕ್ಕೆ ಒಯ್ಯಿರಿ. ಉತ್ತರಕ್ಕೆ ಸಮಯ ಬೇಕಿದ್ದರೆ ಸಮಯ ಕೇಳುವ ಪತ್ರವೇ ಮೊದಲ ಉತ್ತರ.

ವಿಚಾರಣೆಯಲ್ಲಿ ನಿಮ್ಮ ಪರವಾಗಿ ಸಹಕಾರ್ಮಿಕರೊಬ್ಬರು ಅಥವಾ ಸಂಘದ ಪದಾಧಿಕಾರಿ ನಿಲ್ಲಲು ಅವಕಾಶ ಕೇಳಿ. ಮಹಾಸಂಘದಲ್ಲಿ ಇದನ್ನೇ ವರ್ಷಗಟ್ಟಲೆ ಮಾಡಿದ ಹಿರಿಯರು ಇರುತ್ತಾರೆ. ನಿವೃತ್ತ ಟರ್ನರ್, ಫಿಟ್ಟರ್‌ಗಳು. ಕಪ್ಪು ಕೋಟು ಇಲ್ಲ, ಆದರೆ ಪಾಟೀಸವಾಲು ಮಾಡಲು ಕೂತರೆ ಮ್ಯಾನೇಜರ್ ಬೆವರುತ್ತಾನೆ. ಯಂತ್ರದ ಬಳಿ ನಿಂತವನಿಗೆ ಗೊತ್ತಿರುವುದು ವಕೀಲನಿಗೆ ಗೊತ್ತಿರುವುದಿಲ್ಲ. ಪ್ರತಿ ದಿನದ ವಿಚಾರಣೆಯ ಬರಹದ ಪ್ರತಿ ಕೇಳಿ, ಅದು ನಿಮಗೆ ಅರ್ಥವಾಗದ ಭಾಷೆಯಲ್ಲಿದ್ದರೆ ‘ನನಗೆ ಓದಿ ಹೇಳಿಲ್ಲ’ ಎಂದು ಕೆಳಗೆ ಕನ್ನಡದಲ್ಲೇ ಬರೆದು ಸಹಿ ಹಾಕಿ. ನಾನು ಹಾಗೆ ಬರೆಸಿದ ಒಂದು ಸಾಲು ಮುಂದೆ ಸಂಧಾನದ ಮೇಜಿನ ಮೇಲೆ ಬಹಳ ಕೆಲಸ ಮಾಡಿತು.

ಅಮಾನತಿನ ಅವಧಿಯಲ್ಲಿ ಜೀವನಾಧಾರ ಭತ್ಯೆ ಸಿಗಬೇಕು: ಮೊದಲ 90 ದಿನ ವೇತನದ ಶೇಕಡ 50, ಆಮೇಲೂ ಎಳೆದರೆ, ವಿಳಂಬ ನಿಮ್ಮಿಂದಲ್ಲದಿದ್ದರೆ, ಶೇಕಡ 75. ಆದರೆ ಹೊಸ ಸಂಹಿತೆಯಲ್ಲಿ ಸ್ಥಾಯಿ ಆದೇಶಗಳ (ಕಾರ್ಖಾನೆಯ ಸೇವಾ ನಿಯಮಗಳ) ಈ ಅಧ್ಯಾಯ 300 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆಗೆ ಮಾತ್ರ. ಭೋಸರಿಯ ಬಹುಪಾಲು ಶೆಡ್‌ಗಳು ಆ ಸಂಖ್ಯೆಯ ಹತ್ತಿರಕ್ಕೂ ಬರುವುದಿಲ್ಲ. ಚಿಕ್ಕ ಕಾರ್ಖಾನೆಯ ಸಂಘಗಳು ಈ ಭತ್ಯೆಯನ್ನೂ ವಿಚಾರಣೆಯ ಕ್ರಮವನ್ನೂ ತಮ್ಮ ವೇತನ ಕರಾರಿನಲ್ಲೇ ಬರೆಸಿಕೊಳ್ಳಬೇಕು. ನನ್ನ ಮಟ್ಟಿಗೆ ಇದು ಐನೂರು ರೂಪಾಯಿ ಸಂಬಳ ಏರಿಕೆಗಿಂತ ದೊಡ್ಡ ಬೇಡಿಕೆ, ಸಭೆಯಲ್ಲಿ ಮಾತ್ರ ಯಾರೂ ಇದಕ್ಕೆ ಚಪ್ಪಾಳೆ ಹೊಡೆಯುವುದಿಲ್ಲ.

ಏಳನೆಯದು: ವಾಕಡೆವಾಡಿಯ ಮೆಟ್ಟಿಲು

ಒಳಗೆ ಬಗೆಹರಿಯದಿದ್ದರೆ ಶಿವಾಜಿನಗರದ ವಾಕಡೆವಾಡಿಯಲ್ಲಿರುವ ಕಾರ್ಮಿಕ ಆಯುಕ್ತರ ಕಚೇರಿ. ಸಂಧಾನ ಅಧಿಕಾರಿ ಎರಡೂ ಕಡೆಯವರನ್ನು ಕರೆಯುತ್ತಾರೆ. ಮಾಲೀಕರ ಕಡೆಯವರು ಮೊದಲ ತಾರೀಖಿಗೆ ಬರುವುದಿಲ್ಲ, ಎರಡನೆಯದಕ್ಕೆ ಗುಮಾಸ್ತ ಬರುತ್ತಾನೆ, ಮೂರನೆಯದಕ್ಕೆ ವಕೀಲರು ಕಾಲಾವಕಾಶ ಕೇಳುತ್ತಾರೆ. ದಿನಗೂಲಿ ಕಳೆದುಕೊಂಡು ಪ್ರತಿ ತಾರೀಖಿಗೂ ನೀವು ಅಲೆಯಲಾರಿರಿ. ಅಲ್ಲಿ ಬಿಡದೆ ಹಾಜರಾಗಿ, ಗೈರುಹಾಜರಿಯನ್ನು ದಾಖಲು ಮಾಡಿಸುವುದೇ ಮಹಾಸಂಘದ ನಿಜವಾದ ಉಪಕಾರ. ಕೆಲಸದಿಂದ ತೆಗೆದ ವ್ಯಾಜ್ಯವಾದರೆ ಎರಡು ಸಂಖ್ಯೆ ನೆನಪಿಡಿ: ಸಂಧಾನ ಅಧಿಕಾರಿಗೆ ಅರ್ಜಿ ಕೊಟ್ಟು 45 ದಿನ ಕಳೆದರೆ ನೇರವಾಗಿ ಕೈಗಾರಿಕಾ ನ್ಯಾಯಮಂಡಳಿಗೆ ಹೋಗಬಹುದು, ಮತ್ತು ತೆಗೆದ ದಿನದಿಂದ ಎರಡು ವರ್ಷದೊಳಗೆ ಹೋಗಲೇಬೇಕು. ಹಳೆಯ ಕಾನೂನಿನಲ್ಲಿ ಮೂರು ವರ್ಷವಿತ್ತು. ಆ ಮೂರನ್ನು ನಂಬಿ ಕೂತವರು ಕೆಡುತ್ತಾರೆ.

ಬಾಕಿಗಳ ಲೆಕ್ಕವನ್ನೂ ಇದೇ ಹೊತ್ತಿಗೆ ಹಾಕಿಸಿ. ಕೆಲಸ ಬಿಟ್ಟರೂ ಬಿಡಿಸಿದರೂ ಬಾಕಿ ವೇತನ ಎರಡು ಕೆಲಸದ ದಿನಗಳೊಳಗೆ ಬರಬೇಕು. ಐದು ವರ್ಷ ತುಂಬಿದ್ದರೆ ಗ್ರಾಚ್ಯುಟಿ, ಅಂದರೆ ಸೇವೆಯ ವರ್ಷಕ್ಕೆ ಹದಿನೈದು ದಿನದ ವೇತನ. ನಿಗದಿತ ಅವಧಿಯ ಕರಾರಿನವರಿಗೆ ಈಗ ಒಂದು ವರ್ಷಕ್ಕೇ ಸಲ್ಲುತ್ತದೆ. ಕೊನೆಯ ತಿಂಗಳ ವೇತನ 18,200 ರೂಪಾಯಿ, ಸೇವೆ ಏಳು ವರ್ಷ ಎಂದಿಟ್ಟುಕೊಳ್ಳಿ: 26ರಿಂದ ಭಾಗಿಸಿದರೆ ದಿನಕ್ಕೆ 700, ಹದಿನೈದು ದಿನಕ್ಕೆ 10,500, ಏಳು ವರ್ಷಕ್ಕೆ 73,500. ಸಂಬಳವನ್ನು ಭತ್ಯೆಗಳಾಗಿ ಚೂರು ಮಾಡಿ ಮೂಲವೇತನ ಕಡಿಮೆ ತೋರಿಸುವ ಚಾಳಿ ಇದೆ. ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧ ಮೀರಿದರೆ, ಮೀರಿದ ಭಾಗವೂ ಈಗ ವೇತನವೇ.

ಗುತ್ತಿಗೆಯವರು ಒಂದು ಮಾತು ಕೇಳಿ. ಗುತ್ತಿಗೆದಾರ ಸಂಬಳ ಕೊಡದೆ ಓಡಿಹೋದರೆ ಕೊಡುವ ಹೊಣೆ ಮೂಲ ಕಾರ್ಖಾನೆಯದು. ಅದಕ್ಕೇ ನಿಮ್ಮ ದೂರಿನಲ್ಲಿ ಎರಡೂ ಹೆಸರು ಇರಬೇಕು, ಗೇಟ್ ಪಾಸಿನ ಪ್ರತಿ ಜೊತೆಗಿರಬೇಕು.

ಎಂಟನೆಯದು: ಬೇಡಿಕೆ ಪಟ್ಟಿ ಮತ್ತು ಕರಾರು

ಮಹಾಸಂಘದ ಕಪಾಟಿನಲ್ಲಿ ಚಿನ್ನವಿದೆ ಎಂದರೆ ಅದು ಬೇರೆ ಕಾರ್ಖಾನೆಗಳ ಕರಾರು ಪತ್ರಗಳು. ‘ಈ ಉದ್ಯಮದಲ್ಲಿ ಯಾರೂ ಇಷ್ಟು ಕೊಡುವುದಿಲ್ಲ’ ಎಂದು ಮ್ಯಾನೇಜರ್ ಹೇಳಿದಾಗ, ಪಕ್ಕದ ಗಲ್ಲಿಯ ಕಾರ್ಖಾನೆಯ ಸಹಿ ಬಿದ್ದ ಕರಾರನ್ನು ಮೇಜಿನ ಮೇಲಿಟ್ಟರೆ ಮಾತು ಬೇರೆ ದಾರಿ ಹಿಡಿಯುತ್ತದೆ. ಬೇಡಿಕೆ ಪಟ್ಟಿ ಬರೆಯುವ ಮುನ್ನ ಕನಿಷ್ಠ ನಾಲ್ಕು ಕರಾರು ಓದಿ: ಸಂಬಳ ಏರಿಕೆ ಮಾತ್ರವಲ್ಲ, ಎಷ್ಟು ವರ್ಷದ ಅವಧಿ, ಅದಕ್ಕೆ ಬದಲಾಗಿ ಉತ್ಪಾದನೆ ಎಷ್ಟು ಏರಿಸಲು ಒಪ್ಪಿದ್ದಾರೆ, ಕ್ಯಾಂಟೀನು, ಬಸ್ಸು, ವಿಮೆ ಹೇಗೆ ಎಂಬುದನ್ನೂ.

ಮಾತುಕತೆಗೆ ಕೂರುವ ಹಕ್ಕು ಯಾರಿಗೆ? ಒಂದೇ ಸಂಘವಿದ್ದರೆ ಅದಕ್ಕೆ. ಹಲವು ಇದ್ದರೆ ಶೇಕಡ 51 ಕಾರ್ಮಿಕರು ಯಾರ ಪಟ್ಟಿಯಲ್ಲಿದ್ದಾರೋ ಅವರಿಗೆ. ಯಾರಿಗೂ ಅಷ್ಟು ಇಲ್ಲದಿದ್ದರೆ ಶೇಕಡ 20 ಅಥವಾ ಮೇಲ್ಪಟ್ಟು ಬೆಂಬಲವಿರುವ ಸಂಘಗಳ ಮಾತುಕತೆ ಮಂಡಳಿ. ಒಂದೇ ಕಾರ್ಖಾನೆಯಲ್ಲಿ ಎರಡು ಸಂಘ ಕಚ್ಚಾಡುವಾಗ ಅವರನ್ನು ಒಂದು ಕೋಣೆಯಲ್ಲಿ ಕೂರಿಸುವ ಬೇಸರದ ಕೆಲಸವೂ ಮಹಾಸಂಘದ್ದೇ. ‘ಮರಾಠಿಯವರ ಸಂಘ, ಹೊರಗಿನವರ ಸಂಘ’ ಎಂದು ಒಡೆಯಲು ನೋಡುವವರು ಒಳಗೂ ಇದ್ದಾರೆ, ಆಡಳಿತದ ಕಡೆಯೂ ಇದ್ದಾರೆ. ನಮ್ಮವರು ಬೇರೆ ಸಂಘ ಕಟ್ಟಿದಲ್ಲೆಲ್ಲ ಲಾಭವಾದದ್ದು ಮಾಲೀಕನಿಗೇ.

ಒಂಬತ್ತನೆಯದು: ಮುಷ್ಕರ

ಕೊನೆಯ ಅಸ್ತ್ರ, ಅದಕ್ಕೇ ಕೊನೆಯಲ್ಲಿ ಬರೆಯುತ್ತಿದ್ದೇನೆ. ನೋಟಿಸ್ ಕೊಟ್ಟು 14 ದಿನ ಕಳೆಯದೆ ಮುಷ್ಕರ ಹೂಡುವಂತಿಲ್ಲ, ಸಂಧಾನ ನಡೆಯುತ್ತಿರುವಾಗಲೂ ಹೂಡುವಂತಿಲ್ಲ. ಶೇಕಡ 50ಕ್ಕಿಂತ ಕಡಿಮೆಯಿಲ್ಲದ ಮಂದಿ ಒಟ್ಟಾಗಿ ಮಾತಾಡಿಕೊಂಡು ಒಂದೇ ದಿನ ಸಾಂದರ್ಭಿಕ ರಜೆ ಹಾಕಿದರೆ ಅದೂ ಈಗ ಮುಷ್ಕರವೆಂದೇ ಲೆಕ್ಕ. ಆದ್ದರಿಂದ ಹುಮ್ಮಸ್ಸಿನ ಗೇಟ್ ಸಭೆಯಲ್ಲಿ ಕೈ ಎತ್ತುವ ಮೊದಲು ಮಹಾಸಂಘಕ್ಕೆ ಐದು ಪ್ರಶ್ನೆ ಹಾಕಿ: ನಮ್ಮ ನಿಧಿಯಲ್ಲಿ ಎಷ್ಟು ದಿನದ ಅಕ್ಕಿ ಇದೆ? ಬೇರೆ ಸಂಘಗಳು ವಾರಕ್ಕೆ ಎಷ್ಟು ಕೊಡುತ್ತವೆ? ಗುತ್ತಿಗೆಯವರು ಒಳಗೆ ಹೋದರೆ ಏನು ಮಾಡುವುದು? ಪೊಲೀಸ್ ಠಾಣೆಗೆ ಯಾರು ಹೋಗುತ್ತಾರೆ? ಎಷ್ಟು ಸಿಕ್ಕರೆ ಹಿಂದೆ ಸರಿಯುತ್ತೇವೆ? ಕೊನೆಯ ಪ್ರಶ್ನೆಗೆ ಮೊದಲೇ ಉತ್ತರವಿಲ್ಲದ ಮುಷ್ಕರ ನಿಲ್ಲುವುದಿಲ್ಲ, ಸವೆಯುತ್ತದೆ. 1989ರ ಸೆಪ್ಟೆಂಬರಿನಲ್ಲಿ ಟೆಲ್ಕೊ (ಇಂದಿನ ಟಾಟಾ ಮೋಟರ್ಸ್) ಕಾರ್ಮಿಕರು ಪುಣೆಯ ಶನಿವಾರವಾಡೆ ಕೋಟೆಯ ಮುಂದೆ ಉಪವಾಸ ಕೂತದ್ದನ್ನು ಪಿಂಪ್ರಿಯ ಹಳಬರು ಇಂದಿಗೂ ಅರ್ಧ ಹೆಮ್ಮೆ, ಅರ್ಧ ನಿಟ್ಟುಸಿರಿನಲ್ಲಿ ಹೇಳುತ್ತಾರೆ.

ಮಹಾಸಂಘ ಮಾಡಲಾರದ್ದು

ಅದು ನೌಕರಿ ಕೊಡಿಸುವ ಕಚೇರಿಯಲ್ಲ, ಸಾಲ ಕೊಡುವುದಿಲ್ಲ, ಕೌಟುಂಬಿಕ ಜಗಳ ಬಗೆಹರಿಸುವುದಿಲ್ಲ. ನಿಮ್ಮ ಸಂಘದ ಸಮಿತಿಯನ್ನು ದಾಟಿ ನಿಮ್ಮ ಪರ ಕರಾರಿಗೆ ಸಹಿ ಹಾಕುವುದಿಲ್ಲ. ಗೆಲ್ಲುತ್ತೇನೆಂದು ಖಾತರಿ ಕೊಡುವವರು, ಪಾವತಿ ಚೀಟಿಯಿಲ್ಲದೆ ‘ಸಾಹೇಬರಿಗೆ’ ಎಂದು ದುಡ್ಡು ಕೇಳುವವರು ಆ ಕಚೇರಿಯ ಬಾಗಿಲ ಬಳಿಯೇ ಸುಳಿದಾಡುತ್ತಿರಬಹುದು. ಅವರಿಂದ ದೂರವಿರಿ, ಒಳಗಿನವರಿಗೆ ತಿಳಿಸಿ.

ಇನ್ನು ಗೆದ್ದ ಮೇಲಿನ ಕೆಲಸ. ಕರಾರಿಗೆ ಸಹಿ ಬಿದ್ದ ಮೊದಲ ತಿಂಗಳ ಸಂಬಳದ ಚೀಟಿಯನ್ನು ಕರಾರಿನ ಪ್ರತಿಯೊಡನೆ ಸಾಲು ಸಾಲಾಗಿ ಹೋಲಿಸಿ. ಏರಿಕೆ ಬಂದು ಭತ್ಯೆಯೊಂದು ಸದ್ದಿಲ್ಲದೆ ಮಾಯವಾಗಿರುವುದು ಅಪರೂಪವಲ್ಲ. ತಪ್ಪು ಕಂಡರೆ ಅದೇ ವಾರ ಪತ್ರ. ಆಮೇಲೆ ಕರಾರಿನ ಒಂದು ಪ್ರತಿಯನ್ನು ಮಹಾಸಂಘದ ಕಪಾಟಿಗೆ ಕೊಟ್ಟು ಬನ್ನಿ. ಮುಂದಿನ ವರ್ಷ ಚಾಕಣದ ಯಾರೋ ಅದನ್ನು ತಮ್ಮ ಮ್ಯಾನೇಜರನ ಮೇಜಿನ ಮೇಲೆ ಇಡುತ್ತಾರೆ.